ಓಡುವ ಕೋಣಗಳೂ ಕ್ಯಾಮೆರಾದ ಕಣ್ಣೂ

ನರಿಕೊಂಬಿನ ಬಂಧುಗಳಿಗೆ ಮೂಡುಬಿದಿರೆಯ ಕೋಟಿ-ಚೆನ್ನಯ ಕಂಬಳವು ಅಪರಿಚಿತವಲ್ಲ. ಅಲ್ಲಿ ನಾನು ತೆಗೆದ ಮೊದಲ ಚಿತ್ರಗಳಲ್ಲಿ ಚಿಮ್ಮಿದ ಕೆಸರುನೀರು ನಿಚ್ಚಳವಾಗಿತ್ತು. ಓಟಗಾರನ ಮುಖ ಮಾತ್ರ ಮಸುಕು! ಮನೆಯವರು ಹುಡುಕುವುದು ಮುಖವನ್ನೇ ಅಲ್ಲವೇ? ತಪ್ಪು ನನ್ನದೇ. ಗುಂಡಿಯನ್ನು ಅರ್ಧ ಒತ್ತಿದೊಡನೆ ದೂರವನ್ನು ಒಮ್ಮೆ ಅಳೆದು ಸುಮ್ಮನಾಗುವ ಕ್ರಮದಲ್ಲಿ ಕ್ಯಾಮೆರಾವನ್ನು ಇರಿಸಿದ್ದೆ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಸೆಕೆಂಡಿಗೆ ಹತ್ತು ಮೀಟರಿಗೂ ಮಿಗಿಲು. ಒಮ್ಮೆ ಅಳೆದ ದೂರವು ಅಲ್ಲಿ ಉಳಿಯುವುದೆಂತು?

ಆದುದರಿಂದ ಕೆಲವು ಕ್ಯಾಮೆರಾಗಳಲ್ಲಿ ‘ಸರ್ವೊ’ ಎನಿಸಿಕೊಳ್ಳುವ ನಿರಂತರ ಫೋಕಸ್ಸನ್ನು ಆರಿಸಬೇಕು. ಒಂದೇ ಬಿಂದುವನ್ನು ಓಟಗಾರನ ಮೇಲಿರಿಸಿ, ಗುಂಡಿಯನ್ನು ಅರ್ಧ ಒತ್ತಿಕೊಂಡೇ ಗಂತಿನಿಂದ ಹಿಂಬಾಲಿಸಬೇಕು. ಶಟರ್ ವೇಗ 1/1000 ಸೆಕೆಂಡ್ ಇರಲಿ. ಅಷ್ಟರಲ್ಲಿ ಕೋಣ ಸಾಗುವುದು ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಮಂಜೊಟ್ಟಿಯಲ್ಲಿ ಕಾದು ನಿಂತು ಕೊನೆಗಳಿಗೆಯಲ್ಲಿ ಗುರಿಯಿಡಹೊರಟರೆ ಮತ್ತೆ ಕೆಸರುನೀರೇ ಗತಿ.