ಪ್ಯೂರಿನ್ ಪಟ್ಟಿಗೆ ಸಿಗದ ಬಾಟಲಿ

ಹೆಬ್ಬೆರಳು ಕೆಂಪಗೆ ಊದಿ, ಹೊದಿಕೆ ತಾಗಿದರೂ ಜೀವ ಹೋಗುವಂತಾದ ಮರುದಿನ ಮಂಗಳೂರಿನ ಎಷ್ಟೋ ಮನೆಗಳಲ್ಲಿ ಮೊದಲು ನಿಲ್ಲುವುದು ಬೇಳೆಸಾರು. ಹಿಂದೆಯೇ ಅಲಸಂಡೆ, ಬಸಳೆ. ಯೂರಿಕ್ ಆ್ಯಸಿಡ್ ಏರಿದರೆ ಕಾಳು, ಸೊಪ್ಪು ಮುಟ್ಟಬಾರದೆಂದು ಯಾರೋ ಮೊಬೈಲಿಗೆ ಕಳಿಸಿದ ಪ್ಯೂರಿನ್ ಪಟ್ಟಿ ಹೇಳಿರುತ್ತದೆ. ಮೈಯಲ್ಲಿ ಯೂರಿಕ್ ಆ್ಯಸಿಡ್ ಆಗಿ ಒಡೆಯುವುದು ಈ ಪ್ಯೂರಿನ್.

ಬಸಳೆ ಪಾಪದ್ದು. ಅಮೆರಿಕದಲ್ಲಿ ಹ್ಯೋನ್ ಚೋಯ್ ಮತ್ತು ಸಂಗಡಿಗರು 47,150 ಗಂಡಸರ ಊಟವನ್ನು 12 ವರ್ಷ ಗಮನಿಸಿ 2004ರಲ್ಲಿ ವರದಿ ಪ್ರಕಟಿಸಿದರು. ಮಾಂಸ, ಮೀನು ಹೆಚ್ಚು ತಿಂದವರಿಗೆ ಗೌಟ್, ಅಂದರೆ ಹೆಬ್ಬೆರಳು ಊದಿಸುವ ಈ ಕಾಯಿಲೆ, ಹೆಚ್ಚು ಬಂದಿತ್ತು. ಪ್ಯೂರಿನ್ ಇರುವ ಕಾಳು, ತರಕಾರಿ ತಿಂದವರಿಗೆ ಹಾಗಾಗಿರಲಿಲ್ಲ. ಕೆನೆ ತೆಗೆದ ಹಾಲು ಕುಡಿಯುವವರಲ್ಲಂತೂ ಕಾಯಿಲೆ ಕಡಿಮೆಯಿತ್ತು.

ಅಂಜಬೇಕಾದದ್ದು ಲಿವರಿಗೆ, ಬೋಟಿಗೆ, ಮತ್ತೆ ಮಳೆಗಾಲದ ಡಬ್ಬಿಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ನುಂಗೆಲ್ ಮೀನಿನ, ಅಂದರೆ ಒಣಮೀನಿನ, ಡಬ್ಬಿಯ ಮುಚ್ಚಳ ತೆರೆಯುವುದು ಆಗಲೇ. ಕಾವಲಿಯಲ್ಲಿ ಗರಿಗರಿ ಹುರಿದ ಒಣ ಸಿಗಡಿಗೆ ತೆಂಗಿನತುರಿ, ಒಣಮೆಣಸು, ಹುಣಸೆ ಸೇರಿತೆಂದರೆ ಕುಚ್ಚಲಕ್ಕಿ ಗಂಜಿ ಬಟ್ಟಲಲ್ಲಿ ಉಳಿಯದು. ಒಣಗಿದಾಗ ಹೋಗುವುದು ನೀರು ಮಾತ್ರ, ಪ್ಯೂರಿನ್ ಅಲ್ಲೇ ಕೂತಿರುತ್ತದೆ. ಜಪಾನಿನ ಸಂಶೋಧಕರ ಲೆಕ್ಕದಲ್ಲಿ 100 ಗ್ರಾಂ ಹಸಿ ಬೂತಾಯಿಯಲ್ಲಿ ಸುಮಾರು 210 ಮಿಲಿಗ್ರಾಂ. ಬೇಯಿಸಿ ಒಣಗಿಸಿದ ಪುಟ್ಟ ಮೀನಿನಲ್ಲಿ 746. ಆದರೆ 100 ಗ್ರಾಂ ಒಣಮೀನು ಒಂದೇ ಊಟಕ್ಕೆ ಯಾರು ತಿನ್ನುತ್ತಾರೆ? ಚಮಚ ಚಟ್ನಿ ಬೇರೆ, ಬಟ್ಟಲು ತುಂಬ ಹುರಿದದ್ದು ಬೇರೆ.

'ಮೀನಿನ ಹೋಳು ಬೇಡ, ಪುಳಿಮುಂಚಿಯ ರಸ ಮಾತ್ರ ಸಾಕು' ಎನ್ನುವ ಪಥ್ಯ ಮಾತ್ರ ತಮಾಷೆ. ಬೇಯುವಾಗ ಪ್ಯೂರಿನ್ ಬಿಟ್ಟುಕೊಳ್ಳುವುದು ಆ ರಸಕ್ಕೇ.

ಇಷ್ಟಾಗಿಯೂ ಮೈಯ ಯೂರಿಕ್ ಆ್ಯಸಿಡ್‌ನಲ್ಲಿ ಸುಮಾರು ಮೂರನೇ ಎರಡು ಪಾಲು ಮೈಯೊಳಗೇ ಹುಟ್ಟುವಂಥದ್ದು. ವೈದ್ಯರು ಕೊಟ್ಟ ಮಾತ್ರೆ ಬಿಟ್ಟು ಪಟ್ಟಿ ಹಿಡಿದವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಬಿಯರ್ ಕೆಟ್ಟದ್ದೆಂದು ಎಲ್ಲರಿಗೂ ಗೊತ್ತು, ಬಿಡಿ. ಸಿಹಿ ಸೋಡಾದಲ್ಲಿ ಪ್ಯೂರಿನ್ ಇಲ್ಲವೇ ಇಲ್ಲ, ಹಾಗಾಗಿ ಪಟ್ಟಿಯಲ್ಲೂ ಇಲ್ಲ. ಅದರ ಸಕ್ಕರೆಯಲ್ಲಿರುವ ಫ್ರಕ್ಟೋಸನ್ನು ಯಕೃತ್ತು ಅರಗಿಸುವಾಗ ಯೂರಿಕ್ ಆ್ಯಸಿಡ್ ಹುಟ್ಟುತ್ತದೆ. ಅದನ್ನು ದಿನಕ್ಕೆ ಎರಡೋ ಹೆಚ್ಚೋ ಸಲ ಕುಡಿಯುವ ಗಂಡಸರಿಗೆ ಗೌಟಿನ ಅಪಾಯ ಶೇ 85ರಷ್ಟು ಹೆಚ್ಚೆಂದು 2008ರಲ್ಲಿ ಅದೇ ಚೋಯ್ ತೋರಿಸಿದರು.

ಮದುವೆಯೂಟದಲ್ಲಿ ಬೇಳೆ ತೊವ್ವೆಗೆ ಕೈ ಅಡ್ಡ ಹಿಡಿದವರು ಎರಡನೇ ಬಾಟಲಿಯ ಮುಚ್ಚಳ ತಿರುಗಿಸುತ್ತಿರುತ್ತಾರೆ. ಮಜ್ಜಿಗೆ ಬಡಿಸುವವನು ಅಷ್ಟರಲ್ಲಿ ಮುಂದಿನ ಎಲೆಗೆ ಹೋಗಿರುತ್ತಾನೆ.