ವರದಿ ನೆಗೆಟಿವ್ ಬಂದ ಮೇಲೂ ಉಳಿಯುವ ಸುಸ್ತು

ಹಾನಗಲ್ಲ ತಾಲೂಕಿನ ತಿಳವಳ್ಳಿಯಿಂದ ಓದುಗ ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಸಾರಾಂಶ ಇಷ್ಟು:

"ಅಕ್ಕಾ, 2021ರ ರಮಝಾನ್ ಹಬ್ಬದ ಮರುವಾರ ನಮ್ಮ ಮನೆಯಲ್ಲಿ ಐದು ಮಂದಿಗೂ ಜ್ವರ ಬಂತು. ಯಜಮಾನರಿಗೆ ಪರೀಕ್ಷೆ ಮಾಡಿ ಕೊರೊನಾ ಎಂದರು. ನಮಗೆ ಮಾಡಲಿಲ್ಲ, ಎಲ್ಲರಿಗೂ ಅದೇ ಎಂದು ಮಾತ್ರೆ ಕೊಟ್ಟರು. ಎಂಟು ದಿನಕ್ಕೆ ಜ್ವರ ಹೋಯಿತು. ಆದರೆ ನಾನು ಮೊದಲಿನ ಹಾಗಾಗಲಿಲ್ಲ. ಎರಡು ಕೊಡ ನೀರು ತಂದರೆ ದಮ್ಮು ಹತ್ತುತ್ತದೆ. ಒಂದು ದಿನ ಹಾಸಿಗೆ ಹೊದಿಕೆ ಒಗೆದರೆ ಎರಡು ದಿನ ಮಲಗಬೇಕು. 'ಕೊರೊನಾ ಹೋಗಿ ಎಷ್ಟೋ ಕಾಲವಾಯಿತು, ಇವಳ ನೆಪ ಮಾತ್ರ ಹೋಗಲಿಲ್ಲ' ಎಂದು ಅತ್ತೆ ಹೇಳುತ್ತಾರೆ. ಲಸಿಕೆ ಹಾಕಿಸಿದ್ದಕ್ಕೇ ಹೀಗಾಯಿತೆಂದು ಓಣಿಯವರು ಹೇಳುತ್ತಾರೆ. ನನಗೀಗ 43 ವರ್ಷ. ಇದು ವಯಸ್ಸಿನದೋ, ಕಾಯಿಲೆಯದೋ, ಲಸಿಕೆಯದೋ, ಇಲ್ಲ ನನ್ನ ಮನಸ್ಸಿನದೋ?"

ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಇದು ಮನಸ್ಸಿನ ಕಲ್ಪನೆಯಲ್ಲ, ನೆಪವೂ ಅಲ್ಲ. ಕೊರೊನಾ ಸೋಂಕು ಹೋದ ಮೇಲೂ ಕೆಲವರಲ್ಲಿ ತೊಂದರೆ ಉಳಿದುಕೊಳ್ಳುತ್ತದೆ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿಯೇ ಅಧಿಕೃತವಾಗಿ ಗುರುತಿಸಿದೆ. ಸೋಂಕು ತಗಲಿ ಸುಮಾರು ಮೂರು ತಿಂಗಳಾದ ಮೇಲೂ ಇರುವ, ಕನಿಷ್ಠ ಎರಡು ತಿಂಗಳಾದರೂ ಮುಂದುವರಿಯುವ, ಬೇರೆ ಯಾವ ಕಾಯಿಲೆಯಿಂದಲೂ ವಿವರಿಸಲಾಗದ ತೊಂದರೆಗಳನ್ನು 'ಲಾಂಗ್ ಕೋವಿಡ್' ಎನ್ನುತ್ತಾರೆ. ಸುಸ್ತು, ಉಸಿರಾಟದ ತೊಂದರೆ, ಮರೆವು ಮತ್ತು ಮಂಕು, ನಿದ್ದೆ ಬಾರದಿರುವುದು, ಎದೆ ಹೊಡೆದುಕೊಳ್ಳುವುದು ಇದರ ಮುಖ್ಯ ಲಕ್ಷಣಗಳು. ಸೋಂಕಿತರಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ ಹೀಗಾಗುತ್ತದೆಂದು ಅದೇ ಸಂಸ್ಥೆ ಅಂದಾಜು ಮಾಡಿದೆ. ಹೆಚ್ಚಿನವರಲ್ಲಿ ಕಾಲಕ್ರಮೇಣ ಕಡಿಮೆಯಾಗುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಇರುತ್ತದೆ. ಇನ್ನೊಂದು ಮಾತು, ಇದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಆದರೆ ನಮ್ಮ ಮನೆಗಳಲ್ಲಿ ಗಂಡಸರು "ಸುಸ್ತು" ಎಂದರೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಹೆಂಗಸರು "ಸುಸ್ತು" ಎಂದರೆ ಸೋಮಾರಿತನ ಎನ್ನುತ್ತಾರೆ.

ಹಾವೇರಿ ಜಿಲ್ಲೆಯಲ್ಲಿ ಕೊರೊನಾದ ಮೊದಲ ಪ್ರಕರಣ ಕಂಡದ್ದು 2020ರ ಮೇ ಮೊದಲ ವಾರ, ಮುಂಬೈಯಿಂದ ಸವಣೂರಿಗೆ ಬಂದವರಲ್ಲಿ. ಆಗ ಒಂದೊಂದು ಪ್ರಕರಣಕ್ಕೂ ಸಂಖ್ಯೆ ಕೊಟ್ಟು, ಓಣಿಗೆ ಬೇಲಿ ಹಾಕಿ ಲೆಕ್ಕವಿಡುತ್ತಿದ್ದರು. ಮರುವರ್ಷದ ಎರಡನೇ ಅಲೆಯಲ್ಲಿ ಆ ಲೆಕ್ಕವೆಲ್ಲ ಕೈತಪ್ಪಿತು. ಹಳ್ಳಿಗಳಲ್ಲಿ ಜ್ವರ ಬಂದವರೆಲ್ಲ ಪರೀಕ್ಷೆ ಮಾಡಿಸಲಿಲ್ಲ. ಮನೆಯವರಿಗೆಲ್ಲ ಗಂಜಿ ಕಾಯಿಸಿ, ಬಿಸಿನೀರು ಕೊಟ್ಟು, ತಾವೂ ಜ್ವರದಲ್ಲೇ ಪಾತ್ರೆ ತೊಳೆದ ಹೆಂಗಸರಂತೂ ಇನ್ನೂ ಕಡಿಮೆ. ಹಾಗಾಗಿ ಎಷ್ಟೋ ಸಹೋದರಿಯರ ಬಳಿ ತಮಗೆ ಕೊರೊನಾ ಬಂದಿತ್ತು ಎನ್ನಲು ಒಂದು ಚೀಟಿಯೂ ಇಲ್ಲ. ಚೀಟಿ ಇಲ್ಲದಿದ್ದರೂ ಚಿಂತೆಯಿಲ್ಲ. ವೈದ್ಯರ ಬಳಿ ಹೋದಾಗ ಯಾವ ತಿಂಗಳು ಜ್ವರ ಬಂತು, ಮನೆಯಲ್ಲಿ ಇನ್ನಾರಿಗೆ ಬಂದಿತ್ತು, ವಾಸನೆ ಹೋಗಿತ್ತೇ, ಅಂದಿನಿಂದ ಏನು ಬದಲಾಯಿತು ಎಂಬುದನ್ನು ಹೇಳಿ. ಅಷ್ಟು ಸಾಕು.

ಜ್ವರ ಹೋದ ಮೇಲೂ ಹೀಗೇಕೆ ಎಂದು ಕೇಳಬಹುದು. ಈ ವೈರಾಣು ಮೂಗು ಮತ್ತು ಶ್ವಾಸಕೋಶದಿಂದ ಒಳ ಬಂದರೂ ಅಲ್ಲಿಗೇ ನಿಲ್ಲುವುದಿಲ್ಲ. ರಕ್ತನಾಳಗಳ ಒಳಪದರಕ್ಕೂ ಅದರಿಂದ ಹಾನಿಯಾಗುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ, ವೈರಾಣುವಿನೊಂದಿಗೆ ಹೋರಾಡಲು ಎದ್ದ ದೇಹದ ರಕ್ಷಣಾ ಶಕ್ತಿ ಕೆಲವರಲ್ಲಿ ಬೇಗ ಶಾಂತವಾಗುವುದಿಲ್ಲ. ಹೃದಯ ಬಡಿತ, ರಕ್ತದೊತ್ತಡ ಇವನ್ನು ನಮಗೆ ಗೊತ್ತಿಲ್ಲದಂತೆ ನೋಡಿಕೊಳ್ಳುವ ನರಗಳೂ ಹದ ತಪ್ಪುತ್ತವೆ. ಕುಳಿತವರು ಎದ್ದ ಕೂಡಲೇ ಎದೆ ಡವಡವ ಎನ್ನುವುದು, ಕಣ್ಣು ಕತ್ತಲೆ ಬರುವುದು ಇದರಿಂದಲೇ. ಸುಜೂದ್‌ನಿಂದ ಏಳುವಾಗ ತಲೆ ಸುತ್ತುತ್ತದೆ ಎಂದು ಹೇಳುವ ಸಹೋದರಿಯರು ಅದನ್ನು ಬರೀ ದೌರ್ಬಲ್ಯವೆಂದು ಬಿಡದೆ ವೈದ್ಯರ ಗಮನಕ್ಕೆ ತರಬೇಕು. ಅಲ್ಲಿಯವರೆಗೆ ಕುರ್ಚಿಯ ಮೇಲೆ ಕುಳಿತು ನಮಾಝ್ ಮಾಡಲು ಸಂಕೋಚ ಬೇಡ.

ಹಾಗೆಂದು ಎಲ್ಲ ಸುಸ್ತನ್ನೂ ಕೊರೊನಾದ ತಲೆಗೆ ಕಟ್ಟುವುದು ಸರಿಯಲ್ಲ. ಬೇರೆ ಕಾಯಿಲೆ ಇಲ್ಲವೆಂದು ಖಚಿತವಾದ ಮೇಲಷ್ಟೇ ಲಾಂಗ್ ಕೋವಿಡ್ ಎನ್ನಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು! ಕೊಡ ಹೊತ್ತರೆ ದಮ್ಮು ಹತ್ತಲು ಇಷ್ಟೇ ಕಾರಣ ಸಾಕು. ಥೈರಾಯ್ಡ್ ಕಡಿಮೆಯಾದರೂ ಮೈ ಭಾರ, ಸುಸ್ತು, ಮರೆವು ಬರುತ್ತದೆ. ಎರಡು ವಾರ ಮೀರಿ ಕೆಮ್ಮು ಇದ್ದರೆ ಕ್ಷಯದ ಕಫ ಪರೀಕ್ಷೆ ಆಗಲೇಬೇಕು. "ಕೊರೊನಾ ಆದಾಗಿನಿಂದ ನನಗೆ ಕೆಮ್ಮು ಇದ್ದದ್ದೇ" ಎಂದು ಕ್ಷಯವನ್ನು ಬೆಳೆಸಿಕೊಂಡರೆ ಅದು ಮನೆಯ ಮಕ್ಕಳಿಗೂ ಅಂಟುತ್ತದೆ.

ತಿಳವಳ್ಳಿಯ ಸಹೋದರಿಯು ಮಾಡಿಸಬೇಕಾದದ್ದು ದೊಡ್ಡ ಸ್ಕ್ಯಾನಿಂಗ್ ಏನಲ್ಲ. ಹಿಮೋಗ್ಲೋಬಿನ್, ಖಾಲಿ ಹೊಟ್ಟೆಯ ಸಕ್ಕರೆ, ಥೈರಾಯ್ಡ್, ರಕ್ತದೊತ್ತಡ, ಒಂದು ಇಸಿಜಿ. ಇದಕ್ಕೆ ಹಾನಗಲ್ಲಿನ ತಾಲೂಕು ಆಸ್ಪತ್ರೆಗೆ ಹೋದರೆ ಸಾಕು. ಮೂವತ್ತು ದಾಟಿದವರ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಮನೆಬಾಗಿಲಲ್ಲೇ ನೋಡುವ 'ಗೃಹ ಆರೋಗ್ಯ' ಯೋಜನೆಯನ್ನೂ ರಾಜ್ಯ ಸರಕಾರ 2024ರಲ್ಲಿ ಆರಂಭಿಸಿದೆ. ಅವರು ಬಂದಾಗ "ನಮ್ಮ ಯಜಮಾನರನ್ನು ನೋಡಿ, ನನಗೇನಿಲ್ಲ" ಎಂದು ಒಳಗೆ ಹೋಗಬೇಡಿ. ರಕ್ತಹೀನತೆ ಇದ್ದು ಕಬ್ಬಿಣದ ಮಾತ್ರೆ ಕೊಟ್ಟರೆ ಅದರೊಂದಿಗೆ ಚಹಾ ಕುಡಿಯಬಾರದು. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಲಿಂಬೆ ಪಾನಕವಾದರೆ ಒಳ್ಳೆಯದು.

ಸಕ್ಕರೆ ಕಾಯಿಲೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. ಎರಡನೇ ಅಲೆಯಲ್ಲಿ ಸ್ಟಿರಾಯ್ಡ್ ಮಾತ್ರೆಗಳು ಎಷ್ಟೋ ಜೀವ ಉಳಿಸಿದವು. ಆದರೆ ಬೇಡದವರೂ, ಬೇಕಾದದ್ದಕ್ಕಿಂತ ಹೆಚ್ಚು ದಿನವೂ ಅವನ್ನು ನುಂಗಿದರು. ಸ್ಟಿರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ. 2021ರ ಮೇ ತಿಂಗಳಿನಿಂದ ಕಪ್ಪು ಶಿಲೀಂಧ್ರ ಅಥವಾ ಬ್ಲ್ಯಾಕ್ ಫಂಗಸ್ ಹರಡಿದ್ದು ಹೆಚ್ಚಾಗಿ ಸಕ್ಕರೆ ಹಿಡಿತ ತಪ್ಪಿದವರಲ್ಲೇ. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಸುತ್ತಲಿನ ಜಿಲ್ಲೆಗಳಿಂದ ಅಂತಹ ರೋಗಿಗಳು ಬಂದು ತುಂಬಿದ್ದನ್ನು ನೀವೂ ಪತ್ರಿಕೆಗಳಲ್ಲಿ ಓದಿರಬಹುದು. ಕೆಲವರಿಗೆ ಕಣ್ಣು ಹೋಯಿತು, ಕೆಲವರಿಗೆ ಮೇಲ್ದವಡೆ ತೆಗೆಯಬೇಕಾಯಿತು. ಅದು ಆ ಕಾಲಕ್ಕೆ ಮುಗಿಯಿತು, ಸಕ್ಕರೆಯ ಕಥೆ ಮುಗಿಯಲಿಲ್ಲ. ಅಮೆರಿಕದಲ್ಲಿ ಕೊರೊನಾ ಬಂದುಹೋದ 1.80 ಲಕ್ಷಕ್ಕೂ ಹೆಚ್ಚು ಮಾಜಿ ಸೈನಿಕರ ದಾಖಲೆಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷದೊಳಗೆ ಹೊಸದಾಗಿ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಶೇ. 40ರಷ್ಟು ಹೆಚ್ಚಾಗಿತ್ತು. ಅವರು ಬಹುತೇಕ ಗಂಡಸರು, ವಯಸ್ಸಾದವರು. ನಮ್ಮ ಹೆಣ್ಣುಮಕ್ಕಳಿಗೆ ಆ ಲೆಕ್ಕವನ್ನು ಹಾಗೆಯೇ ಅನ್ವಯಿಸಲಾಗದು. ಆದರೂ 2021ರ ನಂತರ ಒಮ್ಮೆಯೂ ಸಕ್ಕರೆ ನೋಡಿಸದವರು ಈಗಲಾದರೂ ನೋಡಿಸಿ. ಹೊಸದಾಗಿ ಸಕ್ಕರೆ ಕಾಯಿಲೆ ಗೊತ್ತಾದವರು ರಮಝಾನ್‌ಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಂಡು ಉಪವಾಸದ ವಿಚಾರ ಕೇಳಬೇಕು. ಸಹರಿಗೆ ಎದ್ದು ತಾವೇ ಮಾತ್ರೆ ಹೆಚ್ಚುಕಡಿಮೆ ಮಾಡುವುದು ಅಪಾಯ. ರೋಗಿಗೆ ಬೇರೆ ದಿನಗಳಲ್ಲಿ ಉಪವಾಸ ಪೂರೈಸುವ ರಿಯಾಯಿತಿಯನ್ನು ಕುರ್‌ಆನ್ ನೀಡಿದೆ. ಆ ರಿಯಾಯಿತಿಯನ್ನು ಪಡೆದ ಸೊಸೆಯನ್ನು ನೋಡಿ ಹುಬ್ಬೇರಿಸುವುದು ಏಕೆ?

ಇನ್ನು ಲಸಿಕೆ ಮತ್ತು ಹೃದಯ. 2025ರ ಜೂನ್-ಜುಲೈಯಲ್ಲಿ ಹಾಸನ ಜಿಲ್ಲೆಯಲ್ಲಿ ಹರೆಯದವರೂ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಒಂದರ ಹಿಂದೆ ಒಂದು ಬಂದಾಗ ಜನ ಗಾಬರಿಯಾಗಿ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಮೊಬೈಲ್‌ನಲ್ಲಿ "ಎಲ್ಲ ಲಸಿಕೆಯ ಫಲ" ಎಂಬ ಸಂದೇಶಗಳು ಹರಿದಾಡಿದವು. ಜಯದೇವದ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ಸರಕಾರಕ್ಕೆ ಕೊಟ್ಟ ವರದಿ ಬೇರೆಯೇ ಹೇಳಿತು. ಲಸಿಕೆಗೂ ಚಿಕ್ಕ ವಯಸ್ಸಿನ ಹೃದ್ರೋಗಕ್ಕೂ ಸಂಬಂಧ ಕಾಣಲಿಲ್ಲ. ಬೀಡಿ ಸಿಗರೇಟು, ಸಕ್ಕರೆ, ರಕ್ತದೊತ್ತಡ, ಕೊಬ್ಬು ಇವೇ ಹಳೆಯ ಶತ್ರುಗಳು. ಅದಕ್ಕೂ ಮೊದಲು 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 18ರಿಂದ 45 ವರ್ಷದವರ ಹಠಾತ್ ಸಾವುಗಳ ಬಗ್ಗೆ ದೇಶದ 47 ಆಸ್ಪತ್ರೆಗಳ ಮೂಲಕ ಮಾಡಿದ ಅಧ್ಯಯನ ಹೊರಬಂದಿತ್ತು. ಲಸಿಕೆಯಿಂದ ಅಪಾಯ ಹೆಚ್ಚಲಿಲ್ಲ, ಎರಡು ಡೋಸ್ ಪಡೆದವರಲ್ಲಿ ಕಡಿಮೆಯೇ ಇತ್ತು. ಅಪಾಯ ಹೆಚ್ಚಿದ್ದು ಕೊರೊನಾದಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಕುಟುಂಬದಲ್ಲಿ ಹಠಾತ್ ಸಾವಿನ ಇತಿಹಾಸವಿದ್ದವರಲ್ಲಿ, ವಿಪರೀತ ಮದ್ಯ ಕುಡಿದವರಲ್ಲಿ ಮತ್ತು ಒಮ್ಮೆಲೇ ಭಾರೀ ಶ್ರಮ ಮಾಡಿದವರಲ್ಲಿ. ಸೋಂಕಿನ ನಂತರದ ಮೊದಲ ವರ್ಷದಲ್ಲಿ ಹೃದಯಕ್ಕೆ ಅಪಾಯ ಹೆಚ್ಚು ಎಂದು ಹೊರದೇಶದ ಅಧ್ಯಯನಗಳೂ ತೋರಿಸಿವೆ. ನಾಲ್ಕೈದು ವರ್ಷ ಕಳೆದ ಮೇಲೆ ಬರುವ ಎದೆನೋವಿಗೆ ಕೊರೊನಾವನ್ನೋ ಲಸಿಕೆಯನ್ನೋ ದೂರುತ್ತಾ ಕುಳಿತು ಬಿ.ಪಿ. ಮಾತ್ರೆ ಮರೆಯುವುದು ಜಾಣತನವಲ್ಲ. ಎಲೆ ಅಡಿಕೆಯೊಂದಿಗೆ ತಂಬಾಕು ಹಾಕುವ ಹಿರಿಯ ಹೆಂಗಸರು ನಮ್ಮಲ್ಲಿ ಕಡಿಮೆಯೇನಿಲ್ಲ. ಅದೂ ಈ ಶತ್ರುಗಳ ಪಟ್ಟಿಯಲ್ಲೇ ಬರುತ್ತದೆ.

ಹೃದಯಾಘಾತವೆಂದರೆ ಎದೆ ಹಿಡಿದುಕೊಂಡು ಬೀಳುವುದೆಂದು ಸಿನಿಮಾ ನೋಡಿ ನಾವು ತಿಳಿದಿದ್ದೇವೆ. ಹೆಂಗಸರಲ್ಲಿ ಅದು ಎಷ್ಟೋ ಸಲ ಉಸಿರು ಕಟ್ಟಿದಂತೆ, ಬೆನ್ನು ಅಥವಾ ದವಡೆ ನೋವಿನಂತೆ, ತಣ್ಣನೆ ಬೆವರಿನಂತೆ, ವಾಕರಿಕೆಯಂತೆ ಬರುತ್ತದೆ. "ಗ್ಯಾಸ್ ಆಗಿದೆ" ಎಂದು ಓಮಿನ ಕಷಾಯ ಕುಡಿದು ರಾತ್ರಿ ಕಳೆಯುತ್ತಾರೆ. ಹಾಗೆ ಕಾಯಬೇಡಿ. ಹುಬ್ಬಳ್ಳಿಗೇ ಹೋಗಬೇಕೆಂದು ಗಾಡಿ ಹುಡುಕುತ್ತಾ ಕೂರುವುದೂ ಬೇಡ. 108ಕ್ಕೆ ಕರೆ ಮಾಡಿ, ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಆಗಲಿ. 'ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆಯಲ್ಲಿ ಆಯ್ದ ತಾಲೂಕು ಆಸ್ಪತ್ರೆಗಳಲ್ಲಿಯೇ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಲಾಗಿದೆ.

ಪರೀಕ್ಷೆಗಳೆಲ್ಲ ಸರಿಯಾಗಿದ್ದು ಸುಸ್ತು ಮಾತ್ರ ಹೋಗದಿದ್ದರೆ? ಒಗೆದ ಮೇಲೆ ಎರಡು ದಿನ ಮಲಗಬೇಕಾಗುತ್ತದೆ ಎಂದು ಪತ್ರದಲ್ಲಿದೆಯಲ್ಲ, ಅದು ಲಾಂಗ್ ಕೋವಿಡ್‌ನ ಒಂದು ಗುರುತು. ಕೆಲಸ ಮಾಡುವಾಗ ಏನೂ ಆಗದೆ, ಮರುದಿನವೋ ಮೂರನೇ ದಿನವೋ ದೇಹ ಕುಸಿಯುತ್ತದೆ. ಇಂತಹವರಿಗೆ "ವಾಕಿಂಗ್ ಮಾಡು, ಮೈ ಬಗ್ಗಿಸು, ಸರಿಹೋಗುತ್ತದೆ" ಎಂಬ ಸಲಹೆ ತಿರುಗುಬಾಣವಾಗುತ್ತದೆ. ದಿನಕ್ಕೆ ಎಷ್ಟು ಮಾಡಿದರೆ ಮರುದಿನ ಬೀಳುವುದಿಲ್ಲವೋ ಅಷ್ಟನ್ನೇ ಮಾಡಬೇಕು. ಹಾಸಿಗೆ ಹೊದಿಕೆ ಒಂದೇ ದಿನ ಒಗೆಯಬೇಕೆಂದು ಯಾರು ಹೇಳಿದರು? ರೊಟ್ಟಿ ಬಡಿಯುವುದು ಮತ್ತು ನೀರು ಹೊರುವುದು ಒಂದೇ ಹೊತ್ತಿಗೆ ಬೇಡ. ತರಕಾರಿ ಹೆಚ್ಚುವುದನ್ನು ಕುಳಿತು ಮಾಡಿ, ನೀರಿನ ಕೊಡವನ್ನು ಮಗ ತರಲಿ. ಮೈ ಚೆನ್ನಾಗಿದೆ ಎನಿಸಿದ ದಿನವೇ ಹೆಚ್ಚು ಜಾಗ್ರತೆ ಬೇಕು, ಏಕೆಂದರೆ ಬಾಕಿ ಕೆಲಸವನ್ನೆಲ್ಲ ಮುಗಿಸಿಬಿಡುವ ಆಸೆ ಹುಟ್ಟುವುದು ಆ ದಿನವೇ. ಅತ್ತೆಯವರಿಗೆ ಈ ಪುಟವನ್ನು ಓದಿ ಹೇಳಬಹುದು. ಅವರಿಗೂ ಸಕ್ಕರೆ, ಬಿ.ಪಿ. ನೋಡಿಸಿದ್ದೀರಾ?

ವಾಸನೆ ಪೂರ್ತಿ ಮರಳಿ ಬಾರದವರು ಇದ್ದಾರೆ. ಕೆಲವರಿಗೆ ಈರುಳ್ಳಿ ಹುರಿದರೆ ಕೊಳೆತ ನಾತ ಬರುತ್ತದೆ. ಲವಂಗ, ಲಿಂಬೆ, ಗುಲಾಬಿ ಅತ್ತರು, ನೀಲಗಿರಿ ಎಣ್ಣೆ ಈ ನಾಲ್ಕನ್ನು ದಿನಕ್ಕೆರಡು ಸಲ, ಒಂದೊಂದನ್ನು ಇಪ್ಪತ್ತು ಸೆಕೆಂಡು ಮನಸ್ಸಿಟ್ಟು ಮೂಸುವ ಅಭ್ಯಾಸವನ್ನು ಕೆಲವು ತಿಂಗಳು ಮಾಡಿದರೆ ಹಲವರಿಗೆ ಪ್ರಯೋಜನವಾಗಿದೆ. ಅಲ್ಲಿಯವರೆಗೆ ರಾತ್ರಿ ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿದ್ದನ್ನು ಇನ್ನೊಬ್ಬರು ನೋಡಲಿ. ವಾಸನೆ ತಿಳಿಯದವರಿಗೆ ಗ್ಯಾಸ್ ಸೋರಿದ್ದು ತಿಳಿಯುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ತುರ್ತುಸ್ಥಿತಿಯನ್ನು 2023ರ ಮೇ 5ರಂದು ಹಿಂತೆಗೆದುಕೊಂಡಿತು. ವೈರಾಣು ಹಿಂತಿರುಗಲಿಲ್ಲ, ನಮ್ಮ ನಡುವೆಯೇ ಇದೆ. 2025ರ ಮೇ ಕೊನೆಯಲ್ಲಿ ಪ್ರಕರಣಗಳು ಮತ್ತೆ ಏರಿದಾಗ, ಜ್ವರ ಕೆಮ್ಮು ಇರುವ ಮಕ್ಕಳನ್ನು ಶಾಲೆಗೆ ಕಳುಹಿಸಬೇಡಿ ಎಂದು ರಾಜ್ಯ ಸರಕಾರ ಸುತ್ತೋಲೆ ಹೊರಡಿಸಬೇಕಾಯಿತು. ಮದ್ರಸಕ್ಕೂ ಅದೇ ನಿಯಮ ಇರಲಿ. ಪ್ರತಿ ಸಲ ಸೋಂಕು ತಗಲಿದಾಗಲೂ ತೊಂದರೆ ಉಳಿಯುವ ಸಾಧ್ಯತೆ ಇದ್ದೇ ಇರುತ್ತದೆ. ಆದ್ದರಿಂದ ಒಮ್ಮೆ ಅನುಭವಿಸಿದವರು ಆಸ್ಪತ್ರೆಯ ಸರತಿಯಲ್ಲಿ, ತುಂಬಿದ ಬಸ್ಸಿನಲ್ಲಿ ಮಾಸ್ಕ್ ಹಾಕಿದರೆ ನಗುವವರು ನಗಲಿ. ಜ್ವರ ಬಿಟ್ಟ ಮರುದಿನವೇ ಹೊಲಕ್ಕೋ ಮದುವೆ ಮನೆಯ ಅಡುಗೆಗೋ ಹೊರಡಬೇಡಿ, ಒಂದೆರಡು ವಾರ ನಿಧಾನವಾಗಿ ಕೆಲಸಕ್ಕೆ ಮರಳಿ. ಆಗ ಕೊಂಡ ಪಲ್ಸ್ ಆಕ್ಸಿಮೀಟರ್ ಕಪಾಟಿನಲ್ಲಿದ್ದರೆ ಹೊಸ ಸೆಲ್ ಹಾಕಿಡಿ. ಉಸಿರಾಟದ ತೊಂದರೆಯೊಂದಿಗೆ 94ಕ್ಕಿಂತ ಕೆಳಗೆ ತೋರಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬೆರಳಿಗೆ ಕಪ್ಪಾಗಿ ಮೆಹಂದಿ ಹಚ್ಚಿದ್ದರೆ ಆ ಯಂತ್ರ ಸರಿಯಾಗಿ ತೋರಿಸದಿರಬಹುದು. ಮೆಹಂದಿ ಇಲ್ಲದ ಬೆರಳನ್ನು ಇಟ್ಟು ನೋಡಿ.