ಟೊಂಕದ ನೋವು, ಕುಣಿಯ ಅಳತೆ

ಕಾಲುಗಳನ್ನು ಮಗ್ಗದ ಕುಣಿಯೊಳಗೆ ಇಳಿಬಿಟ್ಟು, ಒಂದು ಕೈಯಿಂದ ಲಾಳಿಯ ಹಗ್ಗವನ್ನು ಜಗ್ಗುತ್ತ, ಇನ್ನೊಂದರಿಂದ ಹಣಿಗೆಯನ್ನು ಬಡಿಯುತ್ತ ಇಳಕಲ್ಲಿನ ಓಣಿಯೊಂದರಲ್ಲಿ ಸೀರೆ ನೇಯುತ್ತಿದ್ದ ಹಿರಿಯರೊಬ್ಬರು, ಹಾಸಿನ ಎಳೆಯೊಂದು ಹರಿದೊಡನೆ ಮಗ್ಗದ ಮೇಲೆ ಎದೆ ತಾಗುವಷ್ಟು ಬಾಗಿ ಅದನ್ನು ಹೊಸೆದು ಕೂಡಿಸಿ, ಮತ್ತೆ ನೆಟ್ಟಗಾಗುವ ಮೊದಲು ಹೆಬ್ಬೆರಳಿನಿಂದ ಟೊಂಕವನ್ನು ಒತ್ತಿಕೊಳ್ಳುತ್ತಿದ್ದರು. ನಾನಿದ್ದ ಅರ್ಧ ಗಂಟೆಯಲ್ಲಿ ಹಾಗೆ ಆರು ಸಲ ಬಾಗಿದರು.

“ಬಾಗಲಕೋಟಿಗೆ ಹೋಗಿ ಚಿತ್ರಾ ತೆಗಸೇವ್ರಿ. ಡಿಸ್ಕ್ ಉಬ್ಬೈತಿ ಅಂದ್ರು,” ಎಂದು ಗೋಡೆಗೆ ಒರಗಿಸಿದ್ದ ದೊಡ್ಡ ಲಕೋಟೆಯನ್ನು ತೋರಿಸಿದರು.

“ಮಗ್ಗದ ಸುದ್ದಿ ಕೇಳಿದರೇನು?”

“ಅದನ್ಯಾಕ ಕೇಳ್ತಾರ್ರೀ?”

ಆ ಲಕೋಟೆಯೊಳಗಿನ ಚಿತ್ರ ಸುಳ್ಳಲ್ಲ. ಆದರೆ ಅದು ಹೇಳುವ ಸತ್ಯವು ನಾವೆಣಿಸಿದಷ್ಟು ದೊಡ್ಡದೂ ಅಲ್ಲ. ಉಬ್ಬಿದ ಡಿಸ್ಕ್ ನರವನ್ನು ಒತ್ತಿ ಕಾಲಿನವರೆಗೆ ನೋವನ್ನಿಳಿಸಬಲ್ಲುದೆಂಬುದನ್ನು 1934ರಲ್ಲಿ ಮಿಕ್ಸ್ಟರ್ ಮತ್ತು ಬಾರ್ ಎಂಬ ಅಮೆರಿಕದ ಇಬ್ಬರು ಶಸ್ತ್ರವೈದ್ಯರು ಪ್ರಕಟಿಸಿದಂದಿನಿಂದ ಬೆನ್ನುನೋವಿನ ಅಪರಾಧವೆಲ್ಲ ಆ ಬಡಪಾಯಿ ಡಿಸ್ಕಿನ ತಲೆಗೇ ಬಂದಿತು. ಅರವತ್ತು ವರ್ಷಗಳ ತರುವಾಯ, 1994ರಲ್ಲಿ, ಬೆನ್ನುನೋವೇ ಇಲ್ಲದ 98 ಜನರ ಬೆನ್ನೆಲುಬನ್ನು ಎಂಆರ್‌ಐ ಯಂತ್ರದಲ್ಲಿ ಪರೀಕ್ಷಿಸಿದಾಗ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಡಿಸ್ಕ್ ಉಬ್ಬಿತ್ತು. ಎಂದಮೇಲೆ ನೇಕಾರನ ಚಿತ್ರದಲ್ಲಿ ಕಂಡ ಉಬ್ಬು ಅವನ ನೋವಿನ ಕಾರಣವೋ, ಅಥವಾ ನರೆತ ಕೂದಲಿನಂತೆ ಕೇವಲ ವಯೋಧರ್ಮವೋ ಎಂಬುದನ್ನು ಚಿತ್ರವೊಂದೇ ನಿರ್ಣಯಿಸಲಾರದು.

ಚಿಕಿತ್ಸೆಯ ಮಾತಾದರೂ ಹೀಗೆಯೇ. ವಾರಗಟ್ಟಲೆ ಹಾಸಿಗೆ ಹಿಡಿಸುವುದೇ ಪಥ್ಯವೆಂದಿದ್ದ ಕಾಲದಲ್ಲಿ, ಏಳು ದಿನದ ವಿಶ್ರಾಂತಿಗಿಂತ ಎರಡು ದಿನದ್ದೇ ಲೇಸೆಂದು 1986ರ ಪ್ರಯೋಗವೊಂದು ತೋರಿಸಿತು. ದೀರ್ಘಕಾಲದ ಟೊಂಕನೋವಿಗೆ ವ್ಯಾಯಾಮವನ್ನೂ ತಿಳಿವಳಿಕೆಯನ್ನೂ ಅನುಮೋದಿಸಿದ ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ನಡುಪಟ್ಟಿಯನ್ನು ವಾಡಿಕೆಯಂತೆ ಕೊಡಬಾರದೆಂದಿತು. ಎರಡು ವರ್ಷ ಅಂಥ ಪಟ್ಟಿಯನ್ನು ಬಿಗಿದುಕೊಂಡು ಠೀವಿಯಿಂದ ತಿರುಗಿದ ನನಗೆ ಈ ವಾಕ್ಯವನ್ನೋದಿ ಆದ ಸಂಕೋಚ ಅಷ್ಟಿಷ್ಟಲ್ಲ.

ಆದರೆ ಟೊಂಕನೋವೆಂಬ ಒಂದೇ ಹೆಸರಿನ ಕೆಳಗೆ ನಾನಾ ವ್ಯಾಧಿಗಳು ಅಡಗಿರುತ್ತವೆ. ಜ್ವರ, ಮೈ ಇಳಿಯುವುದು, ಕಾಲು ಸೋಲುವುದು, ಮೂತ್ರ ಕಟ್ಟುವುದು ಇವು ಜೊತೆಗೂಡಿದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು; ಬೆನ್ನೆಲುಬಿಗೂ ಕ್ಷಯ ತಗಲುತ್ತದೆ. ಹುನಗುಂದ, ಇಳಕಲ್ ಸೀಮೆಯ ಮಟ್ಟಿಗೆ ಇನ್ನೊಂದು ಶಂಕೆಯೂ ಇರತಕ್ಕದ್ದು. ಊರಿಗೆ ಕೆಂಪು ಗ್ರಾನೈಟಿನ ಕೀರ್ತಿ ತಂದ ನೆಲದ ಅಂತಹ ಶಿಲೆಗಳೊಳಗಿಂದಲೇ ಕೊಳವೆಬಾವಿಯ ನೀರಿಗೆ ಫ್ಲೋರೈಡ್ ಇಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಮನ್ನು ಬಹುವಾಗಿ ಮೀರಿದ ನೀರನ್ನು ವರ್ಷಾನುವರ್ಷ ಕುಡಿದವರ ಬೆನ್ನು ಕೊರಡಿನಂತೆ ಸೆಟೆದುಕೊಳ್ಳುವುದನ್ನು ಅಂದಿನ ಮದ್ರಾಸ್ ಪ್ರಾಂತದ ವೈದ್ಯರು 1937ರಷ್ಟು ಹಿಂದೆಯೇ ನೆಲ್ಲೂರಿನ ಕಡೆ ಕಂಡು ಬರೆದಿಟ್ಟಿದ್ದಾರೆ. ಇದು ಕುಣಿಯ ದೋಷವಲ್ಲ, ಕೊಡದ ದೋಷ. ಯಾವ ಬಾವಿಯ ನೀರು ಕುಡಿಯುತ್ತೀಯೆಂದು ಕೇಳದ ವೈದ್ಯನಿಗೆ ಅದು ಹೊಳೆಯುವುದು ಕಷ್ಟ.

ಗುಳೇದಗುಡ್ಡದ ಖಣದ ಮಗ್ಗಗಳೂ ಬಾದಾಮಿಯ ಕಲ್ಲುಕುಟಿಕರೂ ಹತ್ತಿರದಲ್ಲಿಯೇ ಇರುವ ಈ ಜಿಲ್ಲೆಯಲ್ಲಿ, ಬಾಗಲಕೋಟೆಯಲ್ಲೇ ವೈದ್ಯಕೀಯ ಕಾಲೇಜೂ ಇರುವಾಗ, ತರುಣ ವೈದ್ಯರು ಅಳತೆಪಟ್ಟಿಯೊಂದನ್ನು ಹಿಡಿದು ಮಗ್ಗದ ಮನೆಗಳಿಗೆ ಹೊಗಲಿ ಎಂಬುದು ನನ್ನ ಅಪೇಕ್ಷೆ. ಅಳೆಯಬೇಕಾದುದೇನೆಂದು ಆ ಹಿರಿಯರೇ ನನಗೆ ತೋರಿಸಿದರು. ಆ ಕುಣಿಯನ್ನು ತೋಡಿಸಿದವರು ಅವರ ಅಜ್ಜ, ಗಿಡ್ಡ ಆಳು. ಈಗ ಅದರಲ್ಲಿ ಸರದಿಯ ಮೇಲೆ ಕೂಡುವ ಮೊಮ್ಮಗ ಅವರೆಲ್ಲರಿಗಿಂತ ಒಂದು ಗೇಣು ಎತ್ತರ. ನೇಯ್ದ ಬಟ್ಟೆಯನ್ನು ಸುತ್ತುವ ದಿಂಡಿಗೆ ಮೊಣಕಾಲು ತಾಕುವುದರಿಂದ ಮೈ ಓರೆಮಾಡಿಕೊಂಡೇ ನೇಯುತ್ತಾನೆ. ಮಧ್ಯಾಹ್ನದ ಊಟಕ್ಕೆ ಎದ್ದಾಗ ಅವನೂ ಹೆಬ್ಬೆರಳನ್ನು ಟೊಂಕಕ್ಕೆ ಒತ್ತಿದನು.